ಅಜ್ಜನ ಜೀಪೂ ಹಾಟ್ ರಾಡ್ ಅಲ್ವಾ?

"ಅಮ್ಮಾ, ಹಾಗಾದ್ರೆ ಅಜ್ಜನ ಜೀಪೂ ಹಾಟ್ ರಾಡ್ ಅಲ್ವಾ?"

ಕಳೆದ ಶನಿವಾರ ಬೆಳಗ್ಗೆ ಕೈತುಂಬಾ ಗ್ರೀಸ್ ಮಾಡಿಕೊಂಡು ಬಂದ ಮಗಳು ಸಿಂಕಿನ ಮುಂದೆ ನಿಂತು ಹೀಗೆ ಕೇಳಿದಳು. ನಾನು ನೀರುದೋಸೆ ಹೊಯ್ಯುತ್ತಿದ್ದೆ. ದೋಸೆ ಕಾವಲಿಯ ಮೇಲೇ ಒಣಗಿ ಹಪ್ಪಳವಾಯಿತು.

ಒಹಾಯೋದ ಈ ಬೀದಿಯಲ್ಲಿ ನಮ್ಮ ಪಕ್ಕದ ಮನೆಯವರು ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಎಪ್ಪತ್ತು ದಾಟಿದೆ. ಮಗಳ ಬಾಯಲ್ಲಿ ಅವರು 'ಗ್ಯಾರೇಜ್ ಅಜ್ಜ'. ಅವರ ಹತ್ತಿರ 1951ರ ಶೆವ್ರೊಲೆ ಪಿಕಪ್ ಒಂದಿದೆ. ತುಕ್ಕು ಕೆರೆದು, ತಗಡು ಬೆಸೆದು, ಪ್ರೈಮರ್ ಹೊಡೆದಾಗಿದೆ. ಬಾನೆಟ್ ಕೆಳಗೆ ಮಾತ್ರ ಖಾಲಿ. ಹಳೇ ಗಾಡಿಗೆ ಜೋರಾದ ಬೇರೆ ಇಂಜಿನ್ ಕೂರಿಸಿ ಓಡಿಸಿದರೆ ಅದಕ್ಕೆ ಇಲ್ಲಿ ಹಾಟ್ ರಾಡ್ ಅನ್ನುತ್ತಾರೆ. ಯಾವ ಇಂಜಿನ್ ಅನ್ನೋದೇ ಎರಡು ವರ್ಷದಿಂದ ತೀರ್ಮಾನವಾಗಿಲ್ಲ.

ಗಾಡಿಯ ಜೊತೆ ಬಂದಿದ್ದು 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಇಂಜಿನ್. ನಮ್ಮ ಲೆಕ್ಕದಲ್ಲಿ ಮೂರೂವರೆ ಲೀಟರ್. ಅದರ ಪಿಸ್ಟನ್ ರಾಡಿನ ಬೇರಿಂಗಿಗೆ ಆಯಿಲ್ ಪ್ರೆಷರಿನಲ್ಲಿ ಹೋಗೋದಿಲ್ಲ. ರಾಡಿನ ಬುಡದಲ್ಲಿ ಪುಟ್ಟ ಸೌಟಿನಂಥದ್ದು ಇರುತ್ತದೆ, ತಿರುಗುವಾಗ ಅದೇ ಆಯಿಲ್ ಮೊಗೆದುಕೊಳ್ಳಬೇಕು. ಊರೊಳಗೆ ಓಡಾಡೋಕೆ ಸಾಕು, ಹೈವೇಗೆ ಸಾಲದು. ಅದರ ಅಣ್ಣ 235 ಇದೆ. 1954ರಿಂದ ಈಚಿನದ್ದಾದರೆ ಪೂರ್ತಿ ಪ್ರೆಷರ್ ಆಯಿಲ್, ಹಳೇ ಜಾಗದಲ್ಲೇ ಹೆಚ್ಚು ತಕರಾರಿಲ್ಲದೆ ಕೂರುತ್ತದೆ. ಅವರ ಸ್ನೇಹಿತರೆಲ್ಲ ಎಂಟು ಸಿಲಿಂಡರಿನ 350 ವಿ8 ಹಾಕು ಅನ್ನುತ್ತಾರೆ. 5.7 ಲೀಟರ್, ಪಾರ್ಟ್ಸ್ ಎಲ್ಲಿ ಕೇಳಿದರೂ ಸಿಗುತ್ತವೆ. ಆದರೆ ಸಿಲಿಂಡರುಗಳಿಗೆ ಸ್ಪಾರ್ಕ್ ಹಂಚುವ ಅದರ ಡಿಸ್ಟ್ರಿಬ್ಯೂಟರ್ ಹಿಂದುಗಡೆ ಇರೋದರಿಂದ ಫೈರ್‌ವಾಲ್, ಅಂದರೆ ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ, ಅದರ ಹತ್ತಿರ ಜಾಗ ಬಿಗಿ, ಎಡಗಡೆ ಎಕ್ಸಾಸ್ಟ್ ಹೋಗಿ ಸ್ಟೀರಿಂಗ್ ಬಾಕ್ಸಿಗೆ ತಾಗುತ್ತದೆ. ಮೊಮ್ಮಗನ ವೋಟು ಗುಜರಿಗೆ ಬಿದ್ದ ಸಿಲ್ವರಾಡೋ ಅನ್ನೋ ಈಚಿನ ಶೆವ್ರೊಲೆ ಪಿಕಪ್ಪಿನ 5.3 ಲೀಟರ್ ಇಂಜಿನ್ನಿಗೆ. ಶಕ್ತಿ ಬೇಕಾದಷ್ಟು. ಜೊತೆಗೆ ಅದರ ಕಂಪ್ಯೂಟರ್, ಹೈ ಪ್ರೆಷರ್ ಪೆಟ್ರೋಲ್ ಪಂಪ್, ರಾಶಿ ವೈರು ಎಲ್ಲವೂ ಬರಬೇಕು. ಈ ಗಾಡಿಯದ್ದೋ ಬರೀ 6 ವೋಲ್ಟ್ ವೈರಿಂಗ್.

ಅಲ್ಲಿಗೂ ಮುಗಿಯೋದಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಈ ಪಿಕಪ್ಪಿನಲ್ಲಿ ಒಂದು ಕೊಳವೆಯ ಒಳಗಿದೆ. ವಿ8 ಹಾಕಿ ಈಗಿನ ಗೇರ್‌ಬಾಕ್ಸ್ ಕೂರಿಸಿದರೆ ಆ ಕೊಳವೆ ಹೋಗಬೇಕು, ಅದರ ಹಿಂದೆ ಆಕ್ಸಲ್ಲೂ ಹೋಗಬೇಕು. ಆಮೇಲೆ ಬ್ರೇಕು. ನಮ್ಮ ಕಡೆ ಅಡುಗೆಮನೆಗೆ ಒಂದು ಹೊಸ ಹೆಂಚು ಹಾಕಿಸಲು ಹೋಗಿ ಇಡೀ ಮಾಡು ಬಿಚ್ಚಿಸಿದ ಹಾಗೆ.

ಇದನ್ನೆಲ್ಲ ವಿವರಿಸಿದ ಮೇಲೆ ಗ್ಯಾರೇಜ್ ಅಜ್ಜ ಸಹಜವಾಗಿ ನನ್ನನ್ನು ಕೇಳಿದರು: "ನೀನು ಮೆಕ್ಯಾನಿಕಲ್ ಇಂಜಿನಿಯರ್ ಅಲ್ವಾ? ಇದುವರೆಗೆ ಎಷ್ಟು ಇಂಜಿನ್ ಇಳಿಸಿದ್ದೀಯ?"

ಒಂದೂ ಇಲ್ಲ ಅಂದೆ. ತಮಾಷೆ ಅಂದುಕೊಂಡು ನಕ್ಕರು.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಒಂದು ಮಹೀಂದ್ರಾ ಜೀಪ್ ಇತ್ತು, ಪೆಟ್ರೋಲಿನದ್ದು. ಆಗುಂಬೆ ಸೀಮೆಯ ಮಳೆಗೂ ಪೆಟ್ರೋಲ್ ಇಂಜಿನ್ನಿಗೂ ಆಗಿಬರುವುದಿಲ್ಲ. ಹಳ್ಳ ದಾಟುವಾಗ ಡಿಸ್ಟ್ರಿಬ್ಯೂಟರಿಗೆ ನೀರು ಹಾರಿದರೆ ಸಾಕು, ಸ್ಪಾರ್ಕ್ ಸತ್ತು ನಡುನೀರಲ್ಲಿ ನಿಲ್ಲುತ್ತಿತ್ತು. ಜೊತೆಗೆ ಪೆಟ್ರೋಲ್ ರೇಟು. ಒಂದು ಬೇಸಿಗೆ ಅಪ್ಪಯ್ಯ ಶಿವಮೊಗ್ಗದಿಂದ ಹಳೇ ಪ್ಯೂಜೋ ಡೀಸೆಲ್ ಇಂಜಿನ್ ತಂದರು, ಗುಜರಿಗೆ ಬಿದ್ದ ಇನ್ನೊಂದು ಜೀಪಿನದ್ದು. ಡೀಸೆಲ್ಲಿಗೆ ಸ್ಪಾರ್ಕ್ ಬೇಡ, ಒದ್ದೆಯಾದರೂ ಓಡುತ್ತದೆ. ಅಂಗಳದ ಹಲಸಿನ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಹಳೇದನ್ನು ಎತ್ತಿದರು. ಕೊಂಬೆ ಕಿರ್ರ್ ಅಂದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸ ಮೌಂಟಿಂಗನ್ನು ಮಿಸ್ತ್ರಿ ರಟ್ಟು ಕತ್ತರಿಸಿ ಅಳತೆ ಹಿಡಿದು, ಆಮೇಲೆ ಕಬ್ಬಿಣದಲ್ಲಿ ಮಾಡಿಸಿಕೊಂಡು ಬಂದರು.

ನೋಡಿದ್ದು ಇಷ್ಟೇ, ಅದೂ ಜಗಲಿಯಿಂದ. ಹತ್ತಿರ ಹೋದರೆ ಅಮ್ಮ ಕರೆಯುತ್ತಿದ್ದರು. "ಹೆಣ್ಣುಹುಡುಗಿಗೆ ಅಲ್ಲಿ ಎಂತ ಕೆಲಸ? ಓದ್ಕೋ." ಓದಿಕೊಂಡೆ. ಮೆಕ್ಯಾನಿಕಲ್ಲೇ ಓದಿದೆ. ಮೂರು ದಿನ ದುಡಿದ ಮಿಸ್ತ್ರಿಗೆ ಸೀಮೆಎಣ್ಣೆಯಲ್ಲಿ ಕೈ ತೊಳೆದ ಮೇಲೂ ಕಾಫಿ ಬರುತ್ತಿದ್ದುದು ಹೊರಗಿನ ಲೋಟದಲ್ಲಿ. ಅದು ಜಗಲಿಯ ಮೂಲೆಯಲ್ಲಿ ಬೋರಲಾಗಿ ಬಿದ್ದಿರುತ್ತಿದ್ದ ಅಲ್ಯೂಮಿನಿಯಂ ಲೋಟ. ಅದನ್ನು ತೊಳೆದಿಡುತ್ತಿದ್ದವರೂ ಅವರೇ. ಆಗ ನನಗೆ ಏನೂ ಅನ್ನಿಸಲಿಲ್ಲ, ಅದನ್ನೂ ಹೇಳಿಬಿಡಬೇಕು.

ಆ ಜೀಪಿನ ಬಗ್ಗೆ ನನಗೆ ನಾಚಿಕೆಯೇ ಜಾಸ್ತಿ ಇತ್ತು. ಅಕ್ಕಿ ಗಿರಣಿಯ ಸದ್ದು. ಸ್ವಲ್ಪ ಸ್ಪೀಡು ಹೋದರೆ ಕಿರುಚುತ್ತಿತ್ತು. ಕಾಲೇಜಿಗೆ ಬಿಡಲು ಬಂದಾಗ ಬಸ್ ಸ್ಟ್ಯಾಂಡಿನ ಹಿಂದೆಯೇ ನಿಲ್ಲಿಸಿ ಅಂತ ಹೇಳಿ ಇಳಿದು ನಡೆಯುತ್ತಿದ್ದೆ. ಅಪ್ಪಯ್ಯ ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ.

ಈಗ ಮಗಳಿಗೆ ಅದು ಹಾಟ್ ರಾಡ್. ತಡೆಯಲಾಗದೆ ವಿಡಿಯೋ ಕಾಲ್ ಮಾಡಿಕೊಟ್ಟೆ. ಅಲ್ಲಿ ಸಂಜೆ, ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. ಅವಳು ಒಂದೇ ಉಸಿರಿಗೆ 216, 235, 350 ಎಲ್ಲ ಒಪ್ಪಿಸಿದಳು. ಅವರು ಕಿವಿ ಮುಂದೆ ಮಾಡಿ ಕೇಳಿಸಿಕೊಂಡರು.

"ಇಂಜಿನ್ ಆಮೇಲೆ ಪುಟ್ಟಿ. ಆಕ್ಸಲ್ ರೇಶಿಯೋ ಎಷ್ಟಂತೆ?"

ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕ ಅದು. ಅಪ್ಪಯ್ಯನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನಗೆ ಉತ್ತರ ಗೊತ್ತಿರಲಿಲ್ಲ. ಮಗಳಿಗೆ ಗೊತ್ತಿತ್ತು: "4.11."

"ನಮ್ಮದಕ್ಕಿಂತ ಪರವಾಗಿಲ್ಲ. ನಮ್ಮದು 5.38. ಆಕ್ಸಲ್ಲಿನ ಸಣ್ಣ ಗೇರು ಪಿನಿಯನ್ನಿಗೆ 8 ಹಲ್ಲು, ದೊಡ್ಡ ಗೇರು ಕ್ರೌನಿಗೆ 43. ಅದಕ್ಕೇ ಕಿರುಚ್ತಿತ್ತು ಅದು." ಸ್ವಲ್ಪ ಸುಮ್ಮನಿದ್ದು ಮತ್ತೆ ಹೇಳಿದರು, "ಮಿಸ್ತ್ರಿ ಮತ್ತೆ ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಣಿಸಿದ್ದು. ಆ ಅಜ್ಜಂಗೂ ಒಂದ್ಸಲ ಎಣಿಸ್ಲಿಕ್ಕೆ ಹೇಳು. ಯಾರಾದ್ರೂ ಮೊದಲೇ ಬದಲಾಯಿಸಿಟ್ಟಿರ್ತಾರೆ."

ಅವಳು ಫೋನ್ ಹಿಡಿದುಕೊಂಡೇ ಬರಿಗಾಲಲ್ಲಿ ಹಿತ್ತಿಲು ದಾಟಿ ಓಡಿದಳು. "ನಿಧಾನ, ಬೀಳ್ತೀಯ" ಅಂತ ಅಪ್ಪಯ್ಯ ಕೂಗುತ್ತಿದ್ದುದು ಗ್ಯಾರೇಜ್ ಬಾಗಿಲಿನವರೆಗೂ ಕೇಳಿಸುತ್ತಿತ್ತು.