ಅಸಲಿ ಮಹಾಭಾರತ ಯಾವುದು ಅಂತ ಕೇಳುವವರಿಗೆ

"ನೀವು ಓದೋದು ಅಸಲಿ ಮಹಾಭಾರತ ಅಲ್ಲವಲ್ಲ?"

ಪುಣೆಯ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಕುಮಾರವ್ಯಾಸ ಭಾರತ ಓದಲು ಶುರು ಮಾಡಿದಾಗಿನಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದೇನೆ. ಲಿಫ್ಟಿನಲ್ಲಿ ಕೇಳುತ್ತಾರೆ, ಮದುವೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ಬಿಡಿ, ಆ "ಅಲ್ಲವಲ್ಲ" ಇದೆಯಲ್ಲ, ಅದಕ್ಕೆ ನನಗೆ ಸಿಟ್ಟು. ಉತ್ತರ ಜೇಬಿನಲ್ಲಿ ಇಟ್ಟುಕೊಂಡು ಬಂದವರು ಯಾಕೆ ಕೇಳಬೇಕು?

ಕಳೆದ ಶ್ರಾವಣದಲ್ಲಿ ಸಭಾಪರ್ವ ನಡೆದಿತ್ತು. ದ್ರೌಪದಿ ಕೃಷ್ಣನನ್ನು ಕರೆಯುವ ಜಾಗ. ಧಾರವಾಡದ ಕಡೆಯ ಕಾಕು ಒಬ್ಬರು, ಎಂಬತ್ತು ದಾಟಿದವರು, ತಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಹೊಸದಾಗಿ ಬಂದಿದ್ದ ಒಬ್ಬರು ಫೋನು ನೋಡುತ್ತ, ನಾನು ಪದ್ಯ ಮುಗಿಸುವ ಮೊದಲೇ, "ಇದು ಪ್ರಕ್ಷಿಪ್ತ, ಆಮೇಲೆ ಯಾರೋ ಸೇರಿಸಿದ್ದು. ಭಾಂಡಾರಕರ್‌ನವರು ತೆಗೆದುಹಾಕಿದ್ದಾರೆ" ಅಂದರು. ಕಾಕು ಸೆರಗು ಬಿಟ್ಟರು. "ಹಂಗಂದ್ರ ಆಕಿ ಕರೀಲೇ ಇಲ್ಲೇನಪಾ?" ಅಂತ ನನ್ನನ್ನು ಕೇಳಿದರು. ನನಗೆ ಆಗ ಏನು ಹೇಳಬೇಕೋ ತಿಳಿಯಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಆಮೇಲೆ ಅವರು ಹೇಳಿದ ಸಂಪುಟಗಳನ್ನೇ, ಸಂಸ್ಕೃತ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನೇ, ತೆರೆದು ಕೂತೆ. ನಮ್ಮದೇ ಊರಿನ ಲಾ ಕಾಲೇಜು ರಸ್ತೆಯ ಭಾಂಡಾರಕರ್ ಸಂಸ್ಥೆಯ ಕೆಲಸ ಅದು. 1919ರಲ್ಲಿ ಶುರುವಾಗಿ 1966ರಲ್ಲಿ ಮುಗಿಯಿತು. ಶಾರದಾ, ಬಂಗಾಳಿ, ತೆಲುಗು, ಗ್ರಂಥ, ಮಲಯಾಳಂ ಹೀಗೆ ಹಲವು ಲಿಪಿಗಳ 1,259 ಹಸ್ತಪ್ರತಿಗಳನ್ನು ಸಾಲು ಸಾಲಾಗಿ ಹೋಲಿಸಿದರು. ಅದರ ಮುಖ್ಯ ಸಂಪಾದಕರಾಗಿದ್ದ ವಿ.ಎಸ್. ಸುಕ್ಥಣಕರ್ ಕೆಲಸ ಮುಗಿಯುವ ಮುಂಚೆ, 1943ರಲ್ಲೇ ತೀರಿಕೊಂಡರು. ಅಂಥವರ ಹೆಸರು ಹೇಳಿ ಒಬ್ಬ ಮುದುಕಿಯ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ.

ಯಾಕೆಂದರೆ ಅವರು ಏನನ್ನೂ ಎಸೆದಿಲ್ಲ. ಪುಟದ ಮೇಲ್ಭಾಗದಲ್ಲಿ ಅವರು ಒಪ್ಪಿದ ಪಾಠ, ಅಂದರೆ ಪ್ರತಿಗಳನ್ನು ಹೋಲಿಸಿ ಆರಿಸಿಕೊಂಡ ಶ್ಲೋಕಗಳು, ಇದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಯಾವ ಪ್ರತಿಯಲ್ಲಿ ಏನಿದೆ ಅನ್ನುವುದೆಲ್ಲ ಇದೆ. ಉದ್ದದ ಭಾಗಗಳು ಹಿಂದೆ ಅನುಬಂಧದಲ್ಲಿ. ವ್ಯಾಸರು ಹೇಳಿದ್ದನ್ನು ಗಣಪತಿ ಬರೆದುಕೊಂಡ ಕಥೆ ಅಲ್ಲಿಗೆ ಹೋಗಿದೆ. ದ್ರೌಪದಿಯ ಮೊರೆಯೂ ಮೇಲಿನ ಪಾಠದಲ್ಲಿಲ್ಲ, ನಿಜ. ಅಲ್ಲಿ ಸೀರೆಗಳು ತಾವಾಗಿ ಒಂದರ ಹಿಂದೆ ಒಂದು ಬರುತ್ತವೆ.

ಆದರೆ ಮುಂದೆ ಓದಿ. ಉದ್ಯೋಗಪರ್ವದಲ್ಲಿ, ಅದೇ ಪರಿಷ್ಕೃತ ಪಾಠದಲ್ಲಿ, ಕೃಷ್ಣ ಸಂಜಯನಿಗೆ ಹೇಳುತ್ತಾನೆ: ದೂರದಲ್ಲಿದ್ದ ನನ್ನನ್ನು ದ್ರೌಪದಿ ಗೋವಿಂದಾ ಅಂತ ಕೂಗಿದಳಲ್ಲ, ಆ ಸಾಲ ಬೆಳೆದು ಕೂತಿದೆ, ನನ್ನ ಎದೆಯಿಂದ ಹೋಗುತ್ತಿಲ್ಲ. ಅಂದರೆ ಆಕೆ ಕರೆದಿದ್ದಳು! ಅವಳ ಕೂಗು ನಮಗೆ ಕೇಳಿಸುವುದು ಅವನ ಬಾಯಿಂದ, ಅದೂ ಎಷ್ಟೋ ವರ್ಷದ ಮೇಲೆ. ಇದನ್ನು ಓದಿ ನನ್ನ ಕಣ್ಣು ಮಂಜಾಯಿತು.

ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಮೊರೆಯನ್ನು ಸಭಾಪರ್ವಕ್ಕೆ ಸೇರಿಸಿದವರು ಯಾರು, ಯಾಕೆ ಸೇರಿಸಿದರು? ನನ್ನ ಊಹೆ ಹೇಳುತ್ತೇನೆ. ಎಲ್ಲೋ ಒಬ್ಬ ಲಿಪಿಕಾರ ಪ್ರತಿ ಮಾಡುತ್ತ ಕೂತಿದ್ದಾನೆ. ಮುಂದೆ ಉದ್ಯೋಗಪರ್ವದಲ್ಲಿ ಬರುವ ಕೃಷ್ಣನ ಆ ಮಾತು ಅವನಿಗೆ ಗೊತ್ತು. ಆ ಹೆಣ್ಣುಮಗಳನ್ನು ಸಭೆಯಲ್ಲಿ ಸುಮ್ಮನೆ ನಿಲ್ಲಿಸಲು ಕೈ ಬರಲಿಲ್ಲ, ಅಂಚಿನಲ್ಲಿ ಎರಡು ಸಾಲು ಬರೆದ. ಅವನ ಪ್ರತಿಯನ್ನು ನೋಡಿ ಬರೆದವನು ಅದನ್ನು ಒಳಗೆ ತೆಗೆದುಕೊಂಡ. ಇದು ಕಲಬೆರಕೆಯಾ? ನಮ್ಮ ಗದುಗಿನ ನಾರಣಪ್ಪ ಏನು ಹೇಳಿಕೊಂಡ, ಅದನ್ನೂ ನೋಡಿ: "ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ." ತಾನು ಬರೀ ಬರೆದುಕೊಂಡವನು ಅಂದ. ಅವನದು ನಕಲಿ ಅನ್ನುವವರು ಇದಕ್ಕೆ ಏನು ಹೇಳುತ್ತೀರಿ?

ಮುಂದಿನ ಶನಿವಾರ ಕಾಕುಗೆ ಹೇಳಿದೆ, ಕರೆದಿದ್ದಳು ಕಾಕು, ಅವನೇ ಹೇಳಿದ್ದಾನೆ ಅಂತ. "ನನಗ ಗೊತ್ತಿತ್ತು ಬಿಡಪಾ" ಅಂದು ಸೆರಗು ಸರಿಮಾಡಿಕೊಂಡು ಕೂತರು. ಆ ರಾತ್ರಿ ಉದ್ಯೋಗಪರ್ವದ ಆ ಶ್ಲೋಕವನ್ನು ನನ್ನ ಕುಮಾರವ್ಯಾಸದ ಪ್ರತಿಯಲ್ಲಿ, ಸಭಾಪರ್ವದ ಆ ಪುಟದ ಅಂಚಿನಲ್ಲಿ, ಪೆನ್ಸಿಲಿನಿಂದ ಬರೆದಿಟ್ಟೆ.