ಅಕ್ಕನ ಮನೆಗೆ ಲಾನ್ ಬೇಡ ಎಂದ ದಿನ

ತೀರ್ಥಹಳ್ಳಿ ಹತ್ತಿರ ಅಕ್ಕ, ಭಾವ ಹೊಸ ಮನೆ ಕಟ್ಟಿಸಿದರು. ಗುಡ್ಡದ ಇಳಿಜಾರನ್ನು ಜೆಸಿಬಿ ಕೆರೆದು ಹೋಗಿತ್ತು. ಮನೆ ಮುಂದೆ ಬರೀ ಕೆಂಪು ಮಣ್ಣು. ಅಲ್ಲಿ ಲಾನ್ ಹಾಕಿಸಬೇಕೆಂದು ಭಾವನ ಆಸೆ. ರೋಹಿಣಿ ಮಳೆ ಶುರುವಾಗುವ ಮೊದಲು ಒಂದು ಭಾನುವಾರ ನಾನು ಗುದ್ದಲಿ ಹಿಡಿದು ಹೋದೆ.

‘ಭಾವ, ಹಸಿರೇ ಬೇಕಲ್ವಾ? ಒಂದೆಲಗ ನೆಡೋಣ’ ಎಂದೆ. ಅದು ನೆಲದ ಮೇಲೆ ಹರಿದು ಗಂಟು ಗಂಟಿಗೂ ಬೇರು ಬಿಡುತ್ತದೆ. ಕತ್ತರಿಸಲು ಯಂತ್ರ ಬೇಡ, ಕಿತ್ತಷ್ಟೂ ತಂಬುಳಿಗಾಯಿತು. ಅಕ್ಕ ತಕ್ಷಣ ನನ್ನ ಕಡೆಯಾದಳು. ತೋಟದ ಒದ್ದೆ ಜಾಗದಿಂದ ಬಳ್ಳಿ ಕಿತ್ತು ತಂದಳು.

ಮೊದಲು ನೀರಿನ ಕೆಲಸ ಆಗಬೇಕಿತ್ತು. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಗೂಟ ನೆಟ್ಟೆವು. ಆ ಗೆರೆಯಲ್ಲಿ ಕಾಲುವೆ ತೆಗೆದು, ಮಣ್ಣನ್ನು ಕೆಳಬದಿಗೆ ಏರಿ ಹಾಕುವುದು. ಹರಿದು ಬಂದ ನೀರು ಅಲ್ಲಿ ನಿಂತು ಇಂಗುತ್ತದೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ರೂಪಿಸಿದ ಪರ್ಮಾಕಲ್ಚರ್ (ಪ್ರಕೃತಿಯ ರೀತಿ ನೋಡಿ ತೋಟ, ಹೊಲ ಜೋಡಿಸುವ ಪದ್ಧತಿ) ಮಾಡುವವರು ಇಂಥ ಕಾಲುವೆಗೆ ಸ್ವೇಲ್ ಎನ್ನುತ್ತಾರೆ.

ಗೂಟ ನೋಡಿ ಪಕ್ಕದ ತೋಟದ ದೊಡ್ಡಪ್ಪ ಇಳಿದು ಬಂದರು. ‘ಆರಿದ್ರಾ ಮಳೆಗೆ ಇದು ತುಂಬಿ ಒಡೆದರೆ ನಿನ್ನ ಮಣ್ಣೆಲ್ಲ ಕೆಳಗಿನ ಗದ್ದೆಗೆ ಹೋಗ್ತದೆ. ಒಂದು ಕಡೆ ಬಾಯಿ ಬಿಡು ಮಾರಾಯ’ ಎಂದರು. ಎಷ್ಟು ಸರಿ! ಅಡಿಕೆ ತೋಟದಲ್ಲಿ ಬಸಿಗಾಲುವೆ ಇಲ್ಲದೆ ಮಳೆಗಾಲ ಕಳೆಯುವುದುಂಟೇ? ಒಣ ಸೀಮೆಗೆ ಹೊಂದುವ ಲೆಕ್ಕ ನಮ್ಮ ಮಳೆಗೆ ಸಾಲದು. ಇಲ್ಲಿ ನೀರಿನ ಓಟ ತಗ್ಗಿಸಬೇಕು, ಹೆಚ್ಚಾದದ್ದಕ್ಕೆ ದಾರಿಯನ್ನೂ ಕೊಡಬೇಕು. ಕಾಲುವೆಯ ಒಂದು ತುದಿಯನ್ನು ಸ್ವಲ್ಪ ತಗ್ಗು ಮಾಡಿ, ಕಲ್ಲು ಹಾಸಿ ಹಳ್ಳದ ಕಡೆ ತಿರುಗಿಸಿದೆವು.

ಏರಿಯ ಮೇಲೆ ಲಾವಂಚ, ನಡುನಡುವೆ ಅರಿಶಿನ. ಲಾವಂಚದ ಬೇರು ಪಕ್ಕಕ್ಕೆ ಹಬ್ಬದೆ ನೇರ ಕೆಳಗಿಳಿಯುತ್ತದೆ, ಮಣ್ಣು ಬಿಡುವುದಿಲ್ಲ. ಬೇಲಿಗೆ ಗ್ಲಿರಿಸಿಡಿಯಾ ಗೂಟ. ಅದು ಮಳೆಗೆ ಚಿಗುರುತ್ತದೆ, ಸವರಿದ ಸೊಪ್ಪು ಗೊಬ್ಬರ. ಬಚ್ಚಲ ನೀರಿಗೆ ಬಾಳೆ, ಕೆಸು. ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಅಜ್ಜಿಯ ಹಿತ್ತಲಿನಲ್ಲೂ ಹಾಗೇ ಇತ್ತು. ಬರಿ ಮಣ್ಣು ಕಂಡಲ್ಲೆಲ್ಲ ದರಗು, ಅಂದರೆ ಉದುರಿದ ಒಣ ಎಲೆ ಮುಚ್ಚಿದೆವು. ಭಾವ ಅದನ್ನು ಕಸ ಎಂದು ಗುಡಿಸಿ ಸುಡಲು ಕೂಡಿಟ್ಟಿದ್ದರು. ಮಳೆಹನಿಯ ಹೊಡೆತ ಮಣ್ಣಿಗೆ ತಾಗದಂತೆ ತಡೆಯುವುದೇ ಆ ದರಗು. ಅದನ್ನು ಸುಡುವುದು ನೋಡಿದರೆ ನನಗೆ ನಿಜಕ್ಕೂ ಸಂಕಟ.

ಭಾವನಿಗೆ ಹುರುಪು ಬಂತು. ಮನೆ ಹಿಂದೆ ಕಡಿದ ಧರೆಯ (ಗುಡ್ಡ ಕಡಿದಾಗ ನಿಂತ ಮಣ್ಣಿನ ಗೋಡೆ) ಮೇಲೂ ಇಂಗುಗುಂಡಿ ತೆಗೆಯೋಣ ಎಂದರು. ಬೇಡವೇ ಬೇಡ ಎಂದೆ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ಕಡೆ ಗುಡ್ಡ ಜಾರಿದ್ದು ನೆನಪಿದೆಯಲ್ಲ? ಕಡಿದ ಧರೆಯ ತಲೆಯ ಮೇಲೆ ನೀರು ನಿಲ್ಲಿಸಿದರೆ ಮಣ್ಣು ನೆನೆದು ಭಾರವಾಗಿ ಮನೆಯ ಮೇಲೇ ಬರಬಹುದು. ಅಲ್ಲಿ ನೀರು ಪಕ್ಕಕ್ಕೆ ಹೋಗಲು ಚರಂಡಿ ತೆಗೆದು, ಧರೆಯ ಮೈಗೆ ಲಾವಂಚ ನೆಡುವುದೆಂದು ತೀರ್ಮಾನವಾಯಿತು.