ಕ್ರಿಸ್ಮಸ್ ಒಳಗೆ ಮನೆ ಆಗ್ಬೇಕು ಅಂದಾಗ ನಾನು ಕೇಳುವ ಪ್ರಶ್ನೆಗಳು

ಮಂಗಳೂರಲ್ಲಿ ಹಳೇ ಮನೆ ರಿಪೇರಿ ಮಾಡುವವರಿಗೆ ಸೀಸನ್ ಅಂದರೆ ನವರಾತ್ರಿ ಮುಗಿದ ಮೇಲೆ. ಮಳೆ ಬಿಟ್ಟಿತು ಅನ್ನುವಷ್ಟರಲ್ಲಿ ಫೋನ್ ಶುರು. ಕುವೈತಿನಿಂದ, ಬಹ್ರೇನಿನಿಂದ, ಮುಂಬೈಯಿಂದ. "ಈ ಸಲ ನಾವೆಲ್ಲ ಕ್ರಿಸ್ಮಸ್ಸಿಗೆ ಬರ್ತೇವೆ, ತಮ್ಮನ ಮದುವೆಯೂ ಉಂಟು, ಅಷ್ಟರೊಳಗೆ ಮನೆ ಒಂದು ಸರಿ ಮಾಡಿ ಕೊಡಿ ಮೇಸ್ತ್ರಿ." ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಇಲ್ಲಿನ ಕ್ರೈಸ್ತರಲ್ಲಿ ಮದುವೆ ಕಡಿಮೆ. ಹಾಗಾಗಿ ಹಬ್ಬ ಮುಗಿದದ್ದೇ ಸಾಲು ಸಾಲು ಮದುವೆ, ಅದರ ಮುಂಚೆ ಮನೆ ಅಂಗಳದಲ್ಲಿ ರೋಸ್, ಅಂದರೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅಂದರೆ ಹಬ್ಬದ ಹಿಂದಿನ ದಿನ ಮುಗಿದರೂ ನಡೆಯುತ್ತದೆ ಅನ್ನುವ ಮಾತೇ ಇಲ್ಲ.

ಇಂಥ ಕೆಲಸ ಬಂದಾಗ ನಾನು ಮೊದಲು ನೋಡುವುದು ಒಂದೇ: ಯಾವ ಕೆಲಸಕ್ಕೆ ನೀರು ಬೇಕು, ಅದು ಒಣಗಲು ಎಷ್ಟು ದಿನ ಬೇಕು. ಆಳು ಜಾಸ್ತಿ ಹಾಕಿದರೆ ಬೇಗ ಮುಗಿಯುವ ಕೆಲಸ ಬೇರೆ, ಎಷ್ಟು ಆಳು ಹಾಕಿದರೂ ಬೇಗ ಆಗದ ಕೆಲಸ ಬೇರೆ. ಸಿಮೆಂಟ್ ಗಾರೆಗೆ ಕಡಿಮೆ ಅಂದರೂ 7 ದಿನ ನೀರು ಹಾಕಬೇಕು, ಬಣ್ಣ ಮುಟ್ಟಿಸಲು ಸುಮಾರು 4 ವಾರ ಕಾಯಬೇಕು. ಸುಣ್ಣದ ಗಾರೆ ಇನ್ನೂ ನಿಧಾನ. ನವೆಂಬರ್ 15ರ ನಂತರ ಹೊಸ ಗಾರೆ ಹಾಕಿಸಿ ಹಬ್ಬಕ್ಕೆ ಬಣ್ಣ ಬೇಕು ಅಂದರೆ ನಾನು ಒಪ್ಪುವುದಿಲ್ಲ. ಬಣ್ಣವೇನೋ ಹಿಡಿಯುತ್ತದೆ, ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಆಮೇಲೆ ಉಪ್ಪು ಬಿಳಿ ಬಿಳಿಯಾಗಿ ಹೊರಗೆ ಬರುತ್ತದೆ, ಗುಳ್ಳೆ ಏಳುತ್ತದೆ, ಅಷ್ಟು ಹೊತ್ತಿಗೆ ಮಗ ವಾಪಸ್ ಕುವೈತಿನಲ್ಲಿರುತ್ತಾನೆ, ಬೈಗುಳ ಮಾತ್ರ ಇಲ್ಲಿ ನಮಗೆ.

ಹಳೇ ಮನೆ ಗೋಡೆ ನೋಡುವ ಕ್ರಮ ಹೇಳುತ್ತೇನೆ. ಹೆಚ್ಚಿನವು ಕೆಂಪು ಮುರಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು, ಮುರಕಲ್ಲು ಕುಡಿದ ನೀರು ಅಕ್ಟೋಬರಿಗೇ ಆರಿ ಹೋಗುವುದಿಲ್ಲ. ಕರಣೆಯ ಹಿಡಿಯಿಂದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಟಕ್ ಟಕ್ ಅಂದರೆ ಗಾರೆ ಕಲ್ಲನ್ನು ಹಿಡಿದಿದೆ. ದಬ ದಬ ಅಂತ ಪೊಳ್ಳು ಸದ್ದು ಬಂದರೆ ಅಷ್ಟು ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಒಂದು ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಬದಿ ಟೇಪ್ ಹಚ್ಚಿ ಬಿಡಿ. ಬೆಳಿಗ್ಗೆ ಒಳಬದಿ ನೀರಿನ ಹನಿ ಕಂಡರೆ ಆ ಗೋಡೆಗೆ ಈ ವರ್ಷ ತೆಳ್ಳಗೆ ಸುಣ್ಣ ಬಳಿದು ಬಿಡುವುದೇ ಒಳ್ಳೆಯದು. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ನೀರು ಹೊರಗೆ ಹೋಗುವ ದಾರಿ ಮುಚ್ಚಿದಂತೆ. ಸುಣ್ಣದ ಗಾರೆಯ ಮೇಲೆ ಸಿಮೆಂಟ್ ತೇಪೆಯೂ ಅಷ್ಟೇ, ಸುತ್ತಲಿನ ಹಳೇ ಗಾರೆಯನ್ನೂ ಎಬ್ಬಿಸಿಕೊಂಡು ಬೀಳುತ್ತದೆ.

ಮಾಡಿನ, ಅಂದರೆ ಹಂಚಿನ ಛಾವಣಿಯ ವಿಷಯಕ್ಕೆ ಬರುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅವರ ಹಂಚುಗಳ ಮೇಲೂ ಆ ಇಸವಿ ಅಚ್ಚಾಗಿರುತ್ತದೆ, ಅದನ್ನು ನೋಡಿ ನಮ್ಮ ಮನೆ ಅಷ್ಟು ಹಳೇದು ಅಂತ ಹೆಮ್ಮೆಪಡುವವರಿದ್ದಾರೆ, ನಾನು ಸುಮ್ನೆ ಇರುತ್ತೇನೆ. ಕೆಲಸದ ಮಾತು ಏನೆಂದರೆ, ಒಂದು ಕಾರ್ಖಾನೆಯ ಹಂಚಿನ ಅಂಚಿನ ಗಾಡಿ (ತೋಡು) ಇನ್ನೊಂದಕ್ಕೆ ಕೂರುವುದಿಲ್ಲ. ಹಳೇ ಹಂಚಿನ ನಡುವೆ ಹೊಸ ಹಂಚು ತುರುಕಿದರೆ ಸಂದಿ ಬಿಡುತ್ತದೆ. ಅದಕ್ಕೆ ಹಿಂದಿನ ಜಗಲಿ ಅಥವಾ ಕೊಟ್ಟಿಗೆಯ ಮೇಲಿನ ಹಳೇ ಹಂಚನ್ನೇ ಇಳಿಸಿ ಮುಂದಿನ ಮಾಡಿಗೆ ಹಾಕಿ, ಹೊಸದನ್ನು ಹಿಂದಕ್ಕೆ ಹಾಕುತ್ತೇವೆ. ಆದರೆ ಪೂರ್ತಿ ಹಂಚು ಇಳಿಸಿ ಕೆಳಗಿನ ಮರದ ರೀಪು (ಪಟ್ಟಿ), ಪಕ್ಕಾಸು (ಮಾಡಿನ ತೊಲೆ) ಬದಲಿಸುವ ಕೆಲಸ ಡಿಸೆಂಬರಿನಲ್ಲಿ ಬೇಡ. ಗೆದ್ದಲು ತಿಂದ ಒಂದು ಪಕ್ಕಾಸು ಅಂದುಕೊಂಡು ಬಿಚ್ಚಿದರೆ ಪಕ್ಕದ್ದೂ ಹೋಗಿರುತ್ತದೆ. ಅದು ಏಪ್ರಿಲ್ ಕೆಲಸ. ಮಳೆ ಇಲ್ಲದ ಡಿಸೆಂಬರಿನಲ್ಲಿ ಮಾಡು ಸೋರುವುದೂ ಇಲ್ಲವಲ್ಲ!

ಆಳುಗಳ ಲೆಕ್ಕವೂ ಇದೆ. ನನ್ನ ಜೊತೆಗಿನ ಗಾರೆ ಕೆಲಸದವರು ಬಾಗಲಕೋಟೆ, ಗದಗ ಕಡೆಯವರು. ಅವರಿಗೆ ಎಳ್ಳ ಅಮಾವಾಸ್ಯೆ ದೊಡ್ಡ ಹಬ್ಬ, ಹೊಲಕ್ಕೆ ಹೋಗಿ ಚರಗ (ಭೂತಾಯಿಗೆ ಎಡೆ) ಚೆಲ್ಲದೆ ಇರುವುದಿಲ್ಲ. ಅದು ಕೆಲವು ವರ್ಷ ಕ್ರಿಸ್ಮಸ್ಸಿಗೆ ಸ್ವಲ್ಪ ಮುಂಚೆಯೇ ಬೀಳುತ್ತದೆ. ಬಡಗಿ ಕ್ರೈಸ್ತರಾದರೆ 23ಕ್ಕೆ ಉಳಿ ಕೆಳಗಿಟ್ಟರೆ ಮತ್ತೆ ಎತ್ತುವುದು ಹೊಸ ವರ್ಷದಲ್ಲಿ. ಅವರ ಹಬ್ಬ ಅವರಿಗೆ, ತಡೆಯಲು ನಾನು ಯಾರು? ಕೆಲಸ ಒಪ್ಪಿಕೊಳ್ಳುವ ಮೊದಲೇ ಪಂಚಾಂಗ ನೋಡಿಬಿಡುತ್ತೇನೆ.

ಇನ್ನು ಅಡುಗೆಮನೆ. ಡಿಸೆಂಬರ್ ಹತ್ತರ ಆಮೇಲೆ ಅಲ್ಲಿಗೆ ಕಾಲಿಡಬೇಡಿ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಯಾರಿ ಶುರುವಾಗುತ್ತದೆ, ಕಿಡಿಯೊ, ಗುಳಿಯೊ, ನೆವ್ರಿ, ಚಕ್ಕುಲಿ ಎಲ್ಲ ಅಲ್ಲೇ ಆಗಬೇಕು. ಎಣ್ಣೆ ಕಾದಿರುವಾಗ ಪಕ್ಕದಲ್ಲಿ ಟೈಲ್ಸ್ ಕಟ್ ಮಾಡಿದರೆ ಏನಾಗುತ್ತದೆ ಹೇಳಿ. ಅಲ್ಲಿ ವೈರಿಂಗ್ ಮಾತ್ರ ನವೆಂಬರಿನಲ್ಲೇ ಮುಗಿಸಬೇಕು. ಮರದ ಪಟ್ಟಿಯ ಒಳಗಿನ ಹಳೇ ವೈರು, ಪಿಂಗಾಣಿ ಫ್ಯೂಸು, ಅರ್ತಿಂಗೇ ಇಲ್ಲದ ಪ್ಲಗ್ಗು ಇರುವ ಮನೆಯಲ್ಲಿ ಎಲ್ಲರೂ ಬಂದಿಳಿದ ಮೇಲೆ ಗೀಸರ್, ಓವನ್, ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಓಡುತ್ತವೆ. ಎಲ್ಲರ ತಲೆಬಿಸಿ ಅಂಗಳದ ನಕ್ಷತ್ರದ ಬಗ್ಗೆ, ಈಗಿನ ಎಲ್‌ಇಡಿ ನಕ್ಷತ್ರಕ್ಕೆ ಕರೆಂಟು ಎಷ್ಟು ಬೇಕು ಮಹಾ! ದುಡ್ಡು ಕಡಿಮೆ ಬಿದ್ದರೆ ಬಣ್ಣ ಬಿಡಿ, ವೈರಿಂಗ್ ಬಿಡಬೇಡಿ ಅಂತ ನಾನು ಮಗನಿಗೂ ಹೇಳುತ್ತೇನೆ, ತಾಯಿಗೂ ಹೇಳುತ್ತೇನೆ.

ಹಾಲ್‌ನಲ್ಲಿರುವ ಅಲ್ತಾರನ್ನು (ದೇವರ ಪೀಠವನ್ನು) ನಮ್ಮ ಹುಡುಗರು ಮುಟ್ಟುವ ಹಾಗಿಲ್ಲ. "ಬಾಯಮ್ಮ, ಇದನ್ನು ಎಲ್ಲಿ ಇಡೋಣ?" ಅಂತ ಮನೆಯ ಹಿರಿಯಮ್ಮನನ್ನು ಕೇಳಿ, ಅವರೇ ಎತ್ತಿಟ್ಟ ಮೇಲೆಯೇ ಆ ಗೋಡೆ. ಕೆಂಪು ರೆಡ್ ಆಕ್ಸೈಡ್ ನೆಲವನ್ನೂ ಒಡೆಯುವುದು ಬೇಡ ಅನ್ನುತ್ತೇನೆ. ತೇಪೆ ಹಾಕಿದರೆ ಹಳೇ ಬಣ್ಣ ಬರುವುದಿಲ್ಲ, ಉಜ್ಜಿ ತೊಳೆದು ಮೇಣ ಹಚ್ಚಿದರೆ ಸಾಕು, ಅದರ ಹೊಳಪು ಯಾವ ಟೈಲ್ಸಿಗೂ ಇಲ್ಲ.

ಎಸ್ಟಿಮೇಟ್ ಕೊಡುವಾಗ ನಾನು ಎರಡು ಹಾಳೆ ಕೊಡುತ್ತೇನೆ. ಒಂದರಲ್ಲಿ ಹಬ್ಬಕ್ಕೆ ಆಗುವುದು, ಇನ್ನೊಂದರಲ್ಲಿ ಆಗದ್ದು, ಯಾವ ತಿಂಗಳಲ್ಲಿ ಮಾಡುತ್ತೇನೆ ಅನ್ನುವುದರ ಜೊತೆಗೆ. ಎರಡಕ್ಕೂ ಸಹಿ ಬೇಕು. ಎರಡನೇ ಹಾಳೆ ನೋಡಿ ಕೆಲವರು ಬೇರೆ ಕಂಟ್ರಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ, ಹೋಗಲಿ. ಉಳಿದವರ ಹತ್ತಿರ ಏಪ್ರಿಲ್ ಕೆಲಸದ ಅಡ್ವಾನ್ಸನ್ನು ಅವರು ವಿಮಾನ ಹತ್ತುವ ಮೊದಲೇ ಕೇಳಿ ತೆಗೆದುಕೊಳ್ಳಿ. ಊರು ಬಿಟ್ಟ ಮೇಲೆ ಮಾಡಿನ ನೆನಪು ಅವರಿಗೆ ಬರುವುದು ಜೂನ್‌ನಲ್ಲಿ, ಆಗ ಹಂಚು ಹತ್ತಲು ಯಾರೂ ಸಿಗುವುದಿಲ್ಲ.